ಇಪ್ಪತ್ತೆರಡು, ಇಪ್ಪತ್ತೆಂಟು

ಟಿಕೋಟಾ ಬಸ್‌ಸ್ಟ್ಯಾಂಡ ದಾಟಿ ಬಲಕ್ಕ,
ಎಣ್ಣಿ ಕುಡದು ಕುಡದು ಕರ್ರಗಾದ ನೆಲದ ಮ್ಯಾಲ
ನಮ್ಮ ಲೇಥು ತಿರಗತೈತಿ.
ಬೋರ್ಡಿನ್ಯಾಗ ಇನ್ನೂ ಅಪ್ಪನ ಹೆಸರು, ಲಾಳೇಸಾಬ.
ಅದರ ಕೆಳಗ ನಾನು, ಚಾಳೀಸ ಹಾಕ್ಕೊಂಡು.
ಮಂದಿ ಲೇಥಿನ ಹುಡುಗಿ ಅಂತಾರ.
ನನಗ ನಲವತ್ತೊಂದು.

ಶಾಂವಂತ್ರೆವ್ವ ಬಂದದ್ದು ಚಾಟ್ನಿ ಮುಗದ ವಾರ,
ಸಣ್ಣ ಟ್ರ್ಯಾಕ್ಟರ ತಾನ ನಡಸ್ಕೋತ.
ಹಿಂದಿನ ಟಂಟಂದಾಗ ಒಂದು ರೋಟಾವೇಟರ,
ಆರು ಫೂಟಿಂದು, ಮೈದುನ ಕೊಟ್ಟದ್ದು.
"ಪುಕ್ಕಟೆ" ಅಂದ್ಲು,
ಅನ್ನೂವಾಗ ದನಿ ಚೂರು ಹಿಗ್ಗಿತು.

ಪಿನ್ನು ಅಳದೆ. ಇಪ್ಪತ್ತೆಂಟು.
ಟ್ರ್ಯಾಕ್ಟರಿನ ತೋಳಿನ ತೂತು ಅಳದೆ. ಇಪ್ಪತ್ತೆರಡು.
ನಡುವ ಆರು ಮಿಲಿಮೀಟರ,
ಒಂದೂವರಿ ಜ್ವಾಳದ ಕಾಳು.

"ತೂತು ದೊಡ್ಡದ ಮಾಡು, ಇಲ್ಲಾ ಪಿನ್ನ ತೆಳ್ಳಗ ಮಾಡು.
ಎರಡರಾಗ ಒಂದಾರ ನಿನ್ನ ಕೈಯಾಗ ಇಲ್ಲೇನು?"
ಐತಿ. ಎರಡೂ ಐತಿ.
ಅದಕ್ಕ ನನಗ ಅಂಜಿಕಿ.

ಸುಮ್ನ ಹೇಳಿದ್ರ ನಂಬೂ ಹೆಂಗಸಲ್ಲ.
ಡಬ್ಬಿ ಸುರುವಿ ಇಪ್ಪತ್ತೆರಡರ ಹಳೇ ಪಿನ್ನ ಹುಡಕಿ ಬಿಗದೆ.
ಕೆಳಗಿನ ಎರಡು ತೋಳು ಅಗಲಿಸಿ ಸಿಗಸಿದೆ,
ಮ್ಯಾಲಿನ ಒಂದನ್ನ ತಿರುವಿ ತಿರುವಿ ಉದ್ದ ಮಾಡಿದೆ.
(ಭಾರ ಹೊರೂವು ಕೆಳಗಿನವು. ಮ್ಯಾಲಿಂದು
ಬರೇ ವಾರಿ ನೋಡಕೋತ ಇರತೈತಿ, ಮನಿ ಹಿರ್ಯಾನಂಗ.)
"ಎತ್ತವಾ, ಸಾವಕಾಶ" ಅಂದೆ.

ಎತ್ತಿದ್ಲು.
ಹಿಂದಿನ ಟಯರು ಕುಸದು ಕುಂತುವು.
ಮುಂದಿನವು ನೆಲ ಬಿಟ್ಟುವು.
ಚಾದಂಗಡಿ ಹುಡುಗ ಬಗ್ಗಿ ನೋಡಿ ಕೂಗಿದ,
"ಅಂಗೈ ಅಗಲ, ಅಂಗೈ ಅಗಲ!"
ಆಕಿ ಸ್ಟೇರಿಂಗ ತಿರುವಿದ್ಲು.
ಗಾಲಿ ತಿರುಗಿದುವು.
ಟ್ರ್ಯಾಕ್ಟರ ತಿರುಗಲಿಲ್ಲ.

ಒಂದ ಗಳಿಗಿ ಯಾರೂ ಮಾತಾಡಲಿಲ್ಲ.
ಆಮ್ಯಾಲ ಆಕಿ, "ಬಾನೆಟ್ಟಿನ ಮ್ಯಾಲ ಇಬ್ಬರ ಗಂಡಾಳ ಕುಂಡ್ರಸತೀನಿ."
ಹಂಗ ಕುಂತಾವನೊಬ್ಬನ ಕಾಲಿನ ರಾಡು ನಾ ನೋಡೀನಿ,
ಎಕ್ಸರೇದಾಗ.
ದಪ್ಪ ಎಷ್ಟಿದ್ದೀತು ಅಂತ ಅಲ್ಲೂ ಲೆಕ್ಕ ಹಾಕಿದ್ದೆ,
ಚಟ ಬಿಡೂದಿಲ್ಲ.

"ಸಾಲಿನ ನಡುವ ಎಷ್ಟೈತವಾ?"
"ಒಂಬತ್ತು ಫೂಟು."
"ಡ್ರಿಪ್ಪಿನ ಪೈಪು ಬಿಟ್ಟು?"
ಆಕಿ ಹೇಳಲಿಲ್ಲ. ಬೆರಳು ಮಡಚಿದ್ಲು, ಬಿಚ್ಚಿದ್ಲು.
ಆಕಿ ದ್ರಾಕ್ಷಿಗೆ ಹನ್ನೊಂದು ವರ್ಷದ ಬೇರು.

ಅಪ್ಪ ಕುಂಟಿಗೆ ಕುಡ ಬಡದು ಕೊಡೂವಾಗ
ಮೊದಲ ಎತ್ತು ನೋಡಾಕ ಹೋಗತಿದ್ದ.
ನಿಂತಾಗಲ್ಲ, ನಡಿಯೂವಾಗ,
ಎರಡನೇ ತಿರುವಿನ್ಯಾಗ, ಪಕ್ಕಿ ಬಡಕೊಳ್ಳೂವಾಗ.
"ಕುಂಟಿ ಎತ್ತಿಂದಲ್ಲ ಬೇಟಿ, ಎತ್ತಿನ ಉಸರಿಂದು" ಅಂತಿದ್ದ.
ಈಗ ಉಸರಿಗೆ ಎಚ್‌ಪಿ ಅಂತ ಹೆಸರು,
ಇಪ್ಪತ್ತೆರಡು ಅಂತ ಬಾನೆಟ್ಟಿನ ಮ್ಯಾಲ ಬರದಿರತಾರ.
ಓದಾಕ ಮಾತ್ರ ಯಾರಿಗೂ ಪುರಸೊತ್ತಿಲ್ಲ.

ಶಾಂವಂತ್ರೆವ್ವ ಸಿಟ್ಟಾಗಿ ಹೋದ್ಲು.
ಚಾ ಸುದ್ದಾ ಅರ್ಧ ಬಿಟ್ಟು.

ಒಂಬತ್ತನೇ ದಿನಕ್ಕ ಬಂದ್ಲು,
ಹಿಂದ ಮೂರೂವರಿ ಫೂಟಿಂದು, ಬಣ್ಣ ಹೋದದ್ದು,
ಅಲಗು ಮಾತ್ರ ಗಟ್ಟಿ.
ಆರು ಫೂಟಿಂದನ್ನ ಕೊಟ್ಟು ಇದನ್ನ ತಂದಿದ್ಲು,
ಮ್ಯಾಲ ಕೈಯಾಗ ರೊಕ್ಕಾನೂ ಉಳದಿತ್ತು.
"ಮೈದುನ ಮಾತು ಬಿಟ್ಟಾನ" ಅಂದ್ಲು,
"ಹಿಂದಿನ ಭಾರ ಇಳೀತು ಬಿಡು."

ಪಿನ್ನು ಹೆಬ್ಬಟ್ಟಿಲೆ ಒತ್ತಿದೆ. ಹೋತು.
ಸುತ್ತಿಗಿ ಬೇಕಾಗಲಿಲ್ಲ.
ಕೊಂಡಿ ಹಾಕಿದೆ. ಟಕ್.
ಇಡೀ ದಿನ ಲೇಥಿನ ಕಿರಚಾಟ ಕೇಳಿದ ಕಿವಿಗೆ
ಆ ಟಕ್ ಸಾಕು, ಚಾಟ್ನಿ ತನಕ ಕೇಳತೈತಿ.

ಮಜೂರಿ ಬದಲಿ ಮನೂಕ ಕೊಟ್ಲು, ಎರಡು ಕಿಲೋ.
ತೂಗಿ ನೋಡಿದೆ, ಎರಡರ ಮ್ಯಾಲ ಇತ್ತು.

ಮೈದುನನ ಇಪ್ಪತ್ತೆಂಟರ ಪಿನ್ನು ಸವದಿದ್ದುವು,
ಕೊಂಡಾವ ಬ್ಯಾಡ ಅಂದನಂತ, ನನ್ನ ಕಡೇನ ಉಳದಾವ.
ಟಿಕೋಟಾದ ಗಾಳಿಗೆ ಅಂಗಡಿ ಬಾಗಲ ಬಡಕೋತಿತ್ತು.
ಒಂದನ್ನ ಅದರ ಸಂದ್ಯಾಗ ತುರಕೀನಿ.
ಅಲ್ಲಿ ಭಾಳ ಛಲೋ ಹೊಂದೈತಿ.